ಕುರಿ ನಡಿಗೆಗೆ ಒಂದು ಗೇರು

ಆವತ್ತು ಬೆಳಿಗ್ಗೆ ಮಾಡಿದ ಕೆಲಸ ಇಷ್ಟು. ಅಂಗಳಕ್ಕೆ ನೀರು ಹೊಡೆದೆ. ನಲ್ಲಿ ಬಿಟ್ಟಿದ್ದರು, ಡ್ರಮ್ಮು ತುಂಬಿಸಿದೆ. ಅತ್ತೆಗೆ ಚಹಾ ಕೊಟ್ಟು, ಮಾತ್ರೆ ನುಂಗಿಸಿದೆ. ರೊಟ್ಟಿ ಬಡಿದು ಮಡಿಕೆಕಾಳಿನ ಪಲ್ಯ ಮಾಡಿದೆ. ಒಗೆದ ಬಟ್ಟೆ ಹಿತ್ತಲ ತಂತಿಗೆ ಹಾಕಿದೆ. ಮೋಡ ನೋಡಿ ಮತ್ತೆ ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಹರವಿದೆ. ಬಳಿಕ ಹಳೆ ಬೆಡ್‌ಶೀಟೊಂದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಡೀಸೆಲ್ ಡಬ್ಬಿ, ಬ್ರಷ್ಷು ಹಿಡಿದು ಗ್ಯಾರೇಜಿಗೆ ಬಂದೆ.

ಗ್ಯಾರೇಜು ಅಂದರೆ ನಮ್ಮ ಮನೆಯ ಮುಂದಿನ ತಗಡಿನ ಚಪ್ಪರ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯ ಮಗ್ಗುಲಿಗಿದೆ. ಗಾಡಿಯ ಕೆಳಗೆ ಮಲಗಿ ಗೇರ್‌ಬಾಕ್ಸ್ ಇಳಿಸುವುದು ನಮ್ಮವರ ಕೆಲಸ. ಇಳಿಸಿದ್ದನ್ನು ಬಿಚ್ಚಿ, ತೊಳೆದು, ಬಿಚ್ಚಿದ ಕ್ರಮದಲ್ಲಿಯೇ ಬೆಡ್‌ಶೀಟಿನ ಮೇಲೆ ಜೋಡಿಸಿ, ಯಾವುದು ಸವೆದಿದೆ ಯಾವುದು ಮುರಿದಿದೆ ಅಂತ ಹೇಳುವುದು ನನ್ನ ಕೆಲಸ. ಅವರಿಗೆ ಹತ್ತಿರದ್ದು ಕಾಣದಂತಾದ ಮೇಲೆ ಇದು ನನ್ನ ಪಾಲಿಗೆ ಬಂತು. ಕನ್ನಡಕ ಹಾಕಿಕೊಳ್ಳಿ ಅಂದರೆ ಎಣ್ಣೆ ಹತ್ತುತ್ತದೆ ಅನ್ನುತ್ತಾರೆ.

ಚಪ್ಪರ ಗುಡಿಸುತ್ತಿದ್ದೆ, ಟ್ರ್ಯಾಕ್ಟರೊಂದು ಹಳೇ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಕಾರಿನ ಹಿಂದಿನ ಸೀಟು ತೆಗೆದು ಹಲಗೆ ಹಾಸಿ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕಂಬಳಿ ಹಾಕಿದ್ದರು. ಕಿಟಕಿಗೆ ಬಲೆ. ಸ್ಟೇರಿಂಗಿಗೆ ದೇವರ ಭಂಡಾರದ ಅರಿಶಿನ ಹಚ್ಚಿತ್ತು. ಡ್ರೈವರ್ ಸೀಟಿನಿಂದ ಇಳಿದವಳು ಒಬ್ಬ ಹೆಂಗಸು. ನನ್ನದೇ ವಯಸ್ಸು ಇರಬಹುದು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು, ಎಡಗೈಯಲ್ಲಿ ಇನ್ನೂ ಹೊಕ್ಕಳು ಒಣಗದ ಕುರಿಮರಿ. ಟ್ರ್ಯಾಕ್ಟರಿನಿಂದ ಇಳಿದವನು ಆಕೆಯ ಗಂಡ.

ಅವರು ಕೂಡ್ಲಿಗಿ ಕಡೆಯ ಕುರಿಗಾರರು. ಬೆಳೆ ತೆಗೆದ ಹೊಲಗಳಲ್ಲಿ ಮೇಯಿಸುತ್ತ, ಗೊಬ್ಬರಕ್ಕೆಂದು ರೈತರ ಹೊಲದಲ್ಲಿ ರಾತ್ರಿ ಕುರಿ ಮಲಗಿಸುತ್ತ ಹಡಗಲಿ ಸೀಮೆಗೆ ಹೋಗಿದ್ದರು. ಮಂದೆ ಈಗ ಇಟ್ಟಿಗಿ ಹತ್ತಿರದ ಕಪ್ಪು ಮಣ್ಣಿನ ಎರೆ ಹೊಲದಲ್ಲಿತ್ತು. ಮಳೆಗಾಲಕ್ಕೆ ಮುಂಚೆ ತಮ್ಮೂರಿನ ಕೆಂಪು ಮಸಾರಿ ನೆಲಕ್ಕೆ ವಾಪಸು ಬರುವುದು ವಾಡಿಕೆ. ಈ ಸಲ ಕುರಿಗಳು ತಡವಾಗಿ ಈದವು. ಮಂದೆ ಹೊರಟರೆ ಇನ್ನೂ ನಡೆಯಲಾರದ ಮರಿಗಳೇ ಕಾರು ತುಂಬ. ಗಂಡಸರು ಮಂದೆಯ ಜೊತೆ ನಡೆದರೆ, ಮರಿ, ಅಡುಗೆ ಪಾತ್ರೆ, ಹೊದೆಯುವ ಕಂಬಳಿ ಎಲ್ಲ ಈ ಕಾರಿನಲ್ಲಿ. ಓಡಿಸುವವಳು ಆಕೆ.

"ಎರಿ ಹೊಲದಾಗ ಮಳಿ ಹಿಡೀತಂದ್ರ ಕುರಿ ಕಾಲು ಕೊಳೀತಾವ ಅಕ್ಕಾ. ಮರಿ ಅಂತೂ ಕೆಸರಾಗ ನಿಂತ ಸಾಯ್ತಾವ" ಅಂದಳು. ಮಾತಿನಲ್ಲಿ ಅಳುವೇನೂ ಇರಲಿಲ್ಲ. ಮರಿಯ ಬಾಯಿಗೆ ಬೆರಳಿಟ್ಟು ಚೀಪಿಸುತ್ತಲೇ ಹೇಳಿದಳು.

ನಮ್ಮವರು ಬಾನೆಟ್ಟು ಎತ್ತಿದರು. ಒಳಗಿದ್ದದ್ದು ಆ ಕಾರಿನ ಎಂಜಿನ್ ಅಲ್ಲ. ಮೊದಲಿನ ಪೆಟ್ರೋಲ್ ಎಂಜಿನ್ ತೆಗೆದು, ಯಾವುದೋ ಊರಿನ ಮೆಕ್ಯಾನಿಕ್ಕು ಸರಕು ಗಾಡಿಯ ಡೀಸೆಲ್ ಎಂಜಿನ್ ಕೂರಿಸಿದ್ದ. ಗೇರ್‌ಬಾಕ್ಸ್ ಮಾತ್ರ ಕಾರಿನದೇ. ಕುರಿಗಾರನಿಗೆ ಆ ಎಂಜಿನ್ ಬಗ್ಗೆ ಬಲು ಅಭಿಮಾನ. ಕೊಟ್ಟೂರು ರಸ್ತೆಯಲ್ಲಿ ಯಾವ ಗಾಡಿಯನ್ನೂ ಮುಂದೆ ಹೋಗಲು ಬಿಟ್ಟಿಲ್ಲ ಅಂತ ಅವನೇ ಹೇಳಿದ. ಯಾವಾಗ ಓಡಿಸಿದೆ ಅಂತ ಹೆಂಡತಿ ಕೇಳಿದ್ದಕ್ಕೆ ಬಗ್ಗಿ ಎಂಜಿನ್ನಿನ ಧೂಳು ಒರೆಸತೊಡಗಿದ.

ಮಧ್ಯಾಹ್ನದ ಹೊತ್ತಿಗೆ ಬಾಕ್ಸು ಕೆಳಗಿಳಿಯಿತು. ಎಣ್ಣೆ ಬಸಿದರೆ ಅದರಲ್ಲಿ ಕಬ್ಬಿಣದ ಪುಡಿ ಮಿಂಚುತ್ತಿತ್ತು. ಮುಚ್ಚಳ ಬಿಚ್ಚಿ, ಒಂದೊಂದೇ ಭಾಗ ತೊಳೆದು ಬೆಡ್‌ಶೀಟಿನ ಮೇಲೆ ಇಟ್ಟೆ. ಕ್ಲಸ್ಟರ್ ಗೇರಿನಲ್ಲಿ, ಅಂದರೆ ಬಾಕ್ಸಿನ ಕೆಳಭಾಗದಲ್ಲಿ ಎಲ್ಲ ಗೇರುಗಳೂ ಒಂದೇ ದಂಡಕ್ಕೆ ಅಂಟಿಕೊಂಡಿರುವ ಭಾಗದಲ್ಲಿ, ಫಸ್ಟ್ ಗೇರಿನ ಹಲ್ಲು ಒಂದರ ಪಕ್ಕ ಒಂದು ಉದುರಿದ್ದವು. ಮುರಿದ ಜಾಗವನ್ನು ಬಿಸಿಲಿಗೆ ಹಿಡಿದು ನೋಡಿದೆ. ದಿನವೂ ಸ್ವಲ್ಪ ಸ್ವಲ್ಪ ಬಿರುಕು ಬಿಡುತ್ತ ಬಂದು ಮುರಿದ ಹಲ್ಲು ನುಣ್ಣಗೆ, ಪದರ ಪದರವಾಗಿ ಕಾಣುತ್ತದೆ. ಒಂದೇ ಏಟಿಗೆ ಮುರಿದದ್ದು ಒಡೆದ ಬೆಲ್ಲದ ಹಾಗೆ ಹರಳು ಹರಳಾಗಿರುತ್ತದೆ. ಇದು ಬೆಲ್ಲದ ಥರ ಇತ್ತು.

ಕುರಿಗಾರ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ನಮ್ಮವರನ್ನು ಕೇಳಿದ: "ಈ ಬಾಕ್ಸು ಎಷ್ಟು ಎಚ್‌ಪಿ ತಡೀತೈತ್ರಿ ಅಣ್ಣಾ?"

ನಮ್ಮವರು ಸಾವಕಾಶವಾಗಿ ವಿವರಿಸಿದರು. ಎಚ್‌ಪಿ ಅಂದರೆ ಎಂಜಿನ್ ಎಷ್ಟು ಹೊತ್ತಿನಲ್ಲಿ ಎಷ್ಟು ಕೆಲಸ ಮಾಡುತ್ತದೆ ಅನ್ನುವ ಲೆಕ್ಕ. ಹಲ್ಲು ಮುರಿಯುವುದು ತಿರುಚುವ ಬಲಕ್ಕೆ, ಅದಕ್ಕೆ ಟಾರ್ಕ್ ಅನ್ನುತ್ತಾರೆ. ಒಂದೇ ಎಚ್‌ಪಿಯ ಪೆಟ್ರೋಲ್ ಎಂಜಿನ್ ಜೋರಾಗಿ ಸುತ್ತಿ ಕೆಲಸ ಮಾಡುತ್ತದೆ, ಡೀಸೆಲ್ ಎಂಜಿನ್ ನಿಧಾನವಾಗಿ ಸುತ್ತಿ ಬಲವಾಗಿ ತಿರುಚುತ್ತದೆ. ಒದ್ದೆ ಕಂಬಳಿ ಹಿಂಡುವಾಗ ಹತ್ತು ಸಲ ಮೆಲ್ಲಗೆ ಹಿಂಡಿದರೆ ಎಳೆ ಹರಿಯುವುದಿಲ್ಲ. ಒಂದೇ ಸಲ ಇಬ್ಬರು ನಿಂತು ಜಗ್ಗಿ ಹಿಂಡಿದರೆ ಹರಿಯುತ್ತದೆ, ಬಸಿದ ನೀರು ಅಷ್ಟೇ ಆದರೂ. ಬಾಕ್ಸು ಮಾಡಿದವರು ಹಳೇ ಎಂಜಿನ್ನಿಗಿಂತ ಒಂದಿಷ್ಟು ಜಾಸ್ತಿಯೇ ತಡೆಯುವಂತೆ ಮಾಡಿರುತ್ತಾರೆ. ಹುಷಾರಾಗಿ ಓಡಿಸಿದರೆ ಈ ಡೀಸೆಲ್ಲನ್ನೂ ತಡೆದೀತು, ಏಟು ಬೀಳದಂತೆ ನೋಡಿಕೊಳ್ಳಬೇಕು ಅಂದರು. ಕಂಬಳಿಯ ಉದಾಹರಣೆ ನನ್ನದು. ಅವರು ಅದನ್ನು ಎಲ್ಲ ಗಿರಾಕಿಗಳಿಗೂ ತಮ್ಮದೇ ಅನ್ನುವಂತೆ ಹೇಳುತ್ತಾರೆ.

ದಾವಣಗೆರೆಯಿಂದ ಬಸ್ಸಿನ ಮೇಲೆ ಹಳೇದೇ ಆದರೂ ಗಟ್ಟಿ ಇರುವ ಕ್ಲಸ್ಟರ್ ಗೇರು ತರಿಸಿದೆವು. ಬೇರಿಂಗ್ ಹೊಸದು ಹಾಕಿದೆವು. ಕಾರು ಇಟ್ಟಿಗಿಗೆ ಹೋಯಿತು. ಎರಡು ದಿನ ಕಳೆದು ಫೋನು ಬಂತು. ಮಂದೆ ಹೊರಟಿತ್ತು, ಒಂದು ಹೊಲ ದಾಟುವಷ್ಟರಲ್ಲಿ ಫಸ್ಟ್ ಗೇರಿನಲ್ಲಿ ಕರಕರ ಸದ್ದು. ಪುಣ್ಯಕ್ಕೆ ಆಕೆ ತಕ್ಷಣ ನಿಲ್ಲಿಸಿದ್ದಳು.

ಗಾಡಿ ತರಬೇಡಿ, ನಾವೇ ಬರುತ್ತೇವೆ ಅಂತ ನಮ್ಮವರು ಹೇಳಿದರು. ನಾನೂ ಬರುತ್ತೇನೆ ಅಂದೆ. ನೀನ್ಯಾಕೆ ಅಂದರು. ಹಲ್ಲು ನೋಡಿದ್ದಾಯಿತು, ಓಡಿಸುವುದನ್ನು ನೋಡಿಲ್ಲ ಅಂದೆ. ಅತ್ತೆಯ ಊಟ ಮುಚ್ಚಿಟ್ಟು ಬೈಕಿನ ಹಿಂದೆ ಕೂತೆ.

ಮಂದೆ ಒಂದು ಹಳ್ಳದ ಈಚೆ ದಂಡೆಯಲ್ಲಿ ನಿಂತಿತ್ತು. ಮೋಡ ಕವಿದು ಎರೆ ಹೊಲ ಕಪ್ಪಗೆ ಕಾಣುತ್ತಿತ್ತು. ಮಂದೆಯ ಜೊತೆ ಹೇಗೆ ಓಡಿಸುತ್ತೀಯೋ ಹಾಗೆಯೇ ಹತ್ತು ಮಾರು ಓಡಿಸು ಅಂತ ಆಕೆಗೆ ಹೇಳಿ ಪಕ್ಕದಲ್ಲಿ ಕೂತೆ. ತೊಡೆಯ ಮೇಲೆ ಎರಡು ಮರಿ ತಂದಿಟ್ಟಳು. ಹಿಂದೆ ಇದ್ದವು ಒಟ್ಟಿಗೆ ಒದರಲು ಶುರು ಮಾಡಿದವು. ಅದನ್ನು ಕೇಳಿ ತಾಯಿ ಕುರಿಗಳು ಕಾರಿನ ಸುತ್ತ ಬಂದು ನಡೆಯತೊಡಗಿದವು.

ನಾನು ನೋಡಿದ್ದು ಆಕೆಯ ಎಡಗಾಲನ್ನು. ಕಾರು ಹೊರಟಾಗಿನಿಂದ ನಿಲ್ಲುವ ತನಕ ಅದು ಕ್ಲಚ್ಚಿನ ಮೇಲೆಯೇ ಇತ್ತು. ಪೂರ್ತಿ ಒತ್ತಿಯೂ ಇಲ್ಲ, ಪೂರ್ತಿ ಬಿಟ್ಟೂ ಇಲ್ಲ. ಮೀನಖಂಡ ಸಣ್ಣಗೆ ನಡುಗುತ್ತಿತ್ತು. ಫಸ್ಟ್ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದಿದ್ದರೂ, ಕಾರು ಕುರಿಗಿಂತ ಜೋರು. ಕ್ಲಚ್ ಬಿಟ್ಟರೆ ಮುಂದಿನ ಕುರಿಯ ಮೇಲೆ ಹೋಗುತ್ತದೆ. ಒತ್ತಿದರೆ ಎರೆಯಲ್ಲಿ ನಿಂತು ಹೂತುಕೊಳ್ಳುತ್ತದೆ. ಅದಕ್ಕೇ ದಿನವಿಡೀ ಅರ್ಧ ಕ್ಲಚ್ಚು.

ನಮ್ಮವರು ಕಿಟಕಿಗೆ ಬಗ್ಗಿ, ಕಾರು ಮುಂದೆ ಹೋಗಿ ಎಲ್ಲಾದರೂ ನಿಂತು ಕಾಯಬಾರದೇ ಅಂದರು. ಆಕೆ ನಕ್ಕಳು.

"ಮರಿ ದನಿ ಕೇಳಲಿಲ್ಲಂದ್ರ ತಾಯಿ ಮುಂದ ಬರಂಗಿಲ್ರಿ ಅಣ್ಣಾ. ಕಡೀಗೆ ಎಲ್ಲಿ ಮಲಿ ಉಣಿಸಿತ್ತೋ ಅಲ್ಲಿಗೇ ಹೊಳ್ಳಿ ಓಡ್ತಾವ. ಒಂದು ಹೊಳ್ಳಿದ್ರ ನೂರು ಹೊಳ್ತಾವ. ನಾ ಅವುಗಳ ನಡಕಽ ಇರಬೇಕು."

ಮಂದೆಗೂ ಮರಿಗೂ ಇರುವ ಈ ಲೆಕ್ಕ ಯಾವ ಗೇರ್‌ಬಾಕ್ಸಿನ ಲೆಕ್ಕದಲ್ಲೂ ಬಂದಿರಲಿಲ್ಲ.

ಮರಿಗಳನ್ನು ಮಂದೆಯವರ ಹತ್ತಿರ ಬಿಟ್ಟು, ಫಸ್ಟ್ ಗೇರು ಮುಟ್ಟದೆ ಎರಡನೇ ಗೇರಿನಲ್ಲೇ ಹೊರಡಿಸಿ, ಆಕೆಯೇ ಕಾರನ್ನು ಕೊಟ್ಟೂರಿಗೆ ತಂದಳು, ಗಂಡನೂ ಜೊತೆಗೆ ಬಂದ. ಬಿಚ್ಚಿದಾಗ ಒಂದು ಹಲ್ಲಿನ ಮೂಲೆ ಮಾತ್ರ ಹಾರಿತ್ತು. ಆದರೆ ಈ ಸಲ ನಾನು ಬಾಕ್ಸಿಗಿಂತ ಮುಂಚೆ ಕ್ಲಚ್ಚಿನ ಕಡೆ ನೋಡಿದೆ. ಕ್ಲಚ್ಚು ಉಜ್ಜುವ ಫ್ಲೈವೀಲಿನ ಮುಖ ಕಾವಿಗೆ ನೀಲಿಯಾಗಿತ್ತು. ಪ್ರೆಶರ್ ಪ್ಲೇಟು, ಅಂದರೆ ಕ್ಲಚ್ಚನ್ನು ಅದುಮಿ ಹಿಡಿಯುವ ತಟ್ಟೆ, ಸರಕು ಗಾಡಿಯದು. ಕೇಳಿದರೆ ಕುರಿಗಾರ ಹೇಳಿದ: ಮೊದಲು ಕಾರಿನದೇ ಮೆತ್ತನೆಯ ಪ್ಲೇಟ್ ಇತ್ತು, ಅದು ಪದೇ ಪದೇ ಸುಟ್ಟುಹೋಗುತ್ತಿತ್ತು, ಆ ಮೆಕ್ಯಾನಿಕ್ಕು ಗಟ್ಟಿಯಾದದ್ದು ಹಾಕಿಕೊಟ್ಟ. ಹಲ್ಲು ಮುರಿಯಲು ಶುರುವಾಗಿದ್ದು ಅದಾದ ಮೇಲೆ.

ಈಗ ಎಲ್ಲ ಒಂದಕ್ಕೊಂದು ಕೂಡಿತು. ಮೆತ್ತನೆಯ ಕ್ಲಚ್ಚು ಏಟು ಬಿದ್ದಾಗ ಜಾರಿ, ತಾನು ಸುಟ್ಟುಕೊಂಡು ಬಾಕ್ಸನ್ನು ಉಳಿಸುತ್ತಿತ್ತು. ಗಟ್ಟಿ ಕ್ಲಚ್ಚು ಅರ್ಧ ಹಿಡಿದಾಗ ಕಾದು, ಇದ್ದಕ್ಕಿದ್ದ ಹಾಗೆ ಪೂರ್ತಿ ಕಚ್ಚುತ್ತದೆ. ಅದೇ ಹೊತ್ತಿಗೆ ಕೆಸರಲ್ಲಿ ತಿರುಗುತ್ತಿದ್ದ ಚಕ್ರ ಗಟ್ಟಿ ನೆಲ ಹಿಡಿದರೆ, ಎಂಜಿನ್ನಿನ ತಿರುಚು ಅಷ್ಟೂ ಒಂದೆರಡು ಹಲ್ಲಿನ ಮೇಲೆ.

ನಮ್ಮವರು ದೊಡ್ಡ ಬಾಕ್ಸೇ ಹಾಕೋಣ ಅಂದರು. ಅವರ ಮಾತು ತಪ್ಪಲ್ಲ. ಎಂಜಿನ್ ಯಾವ ಗಾಡಿಯದೋ ಆ ಗಾಡಿಯ ಬಾಕ್ಸೇ ಅದನ್ನು ತಡೆಯುತ್ತದೆ. ಹರಪನಹಳ್ಳಿಯ ಗುಜರಿಯಲ್ಲಿ ಒಂದಿದೆ ಅಂತ ಗೊತ್ತಾಗಿ ಮರುದಿನ ಇಬ್ಬರೂ ಹೋದೆವು. ಬಾಕ್ಸು ಚೆನ್ನಾಗಿತ್ತು. ಆದರೆ ಅಳತೆ ಹಿಡಿದರೆ ಗೇಣುದ್ದ ಜಾಸ್ತಿ. ಹಿಂದಕ್ಕೆ ಹೋಗುವ ಶಾಫ್ಟ್ ಕತ್ತರಿಸಿ ಬೆಸೆಯಬೇಕು, ಕೆಳಗಿನ ಅಡ್ಡಪಟ್ಟಿ ಸರಿಸಬೇಕು. ಎಂಜಿನ್ನಿಗೂ ಬಾಕ್ಸಿಗೂ ನಡುವೆ ಆ ಮೆಕ್ಯಾನಿಕ್ಕು ಹಾಕಿದ್ದ ಜೋಡಣೆಯ ಪ್ಲೇಟು ಹಳೇ ಬಾಕ್ಸಿಗೆ ಮಾಡಿದ್ದು, ಇದಕ್ಕೆ ತೂತು ಕೂಡುತ್ತಿರಲಿಲ್ಲ. ಲೇತಿನವನಿಗೆ ಫೋನು ಮಾಡಿದರು. ಮುಂದಿನ ವಾರ ಅಂದ. ಫೋನಿಟ್ಟು ಆಕಾಶ ನೋಡಿದರು. ಉಚ್ಚಂಗಿದುರ್ಗದ ಕಡೆಯಿಂದ ಗಾಳಿ ತಣ್ಣಗೆ ಬೀಸುತ್ತಿತ್ತು.

ಅವರು ಗುಜರಿಯವನ ಹತ್ತಿರ ಮಾತಾಡುತ್ತಿದ್ದಾಗ ನಾನು ಸುಮ್ಮನೆ ಅಡ್ಡಾಡುತ್ತಿದ್ದೆ. ಮೂಲೆಯಲ್ಲಿ ಒಂದು ಡೆಲಿವರಿ ವ್ಯಾನು ಬಿದ್ದಿತ್ತು. ಕಾರು ಮಾಡಿದ ಕಂಪನಿಯದೇ ವ್ಯಾನು, ಹಿಂದಿನ ಚಕ್ರಗಳ ಅಚ್ಚಿನ ನಡುವೆ ಇರುವ ಗಡಿಗೆಯಂಥ ಉಬ್ಬೂ ಕಾರಿನದರ ಆಕಾರದ್ದೇ. ಅದರೊಳಗೆ ಕ್ರೌನು, ಪಿನಿಯನ್ನು ಅಂತ ಒಂದು ಜೋಡಿ ಇರುತ್ತದೆ. ಗೇರ್‌ಬಾಕ್ಸಿನಿಂದ ಬಂದ ಸುತ್ತನ್ನು ಚಕ್ರಕ್ಕೆ ತಿರುಗಿಸಿ ಕೊಡುವುದು ಅದೇ. ಮುಚ್ಚಳ ಮೊದಲೇ ತೆಗೆದಿತ್ತು. ಸೆರಗಿನಿಂದ ಒರೆಸಿ ಹಲ್ಲು ಎಣಿಸಿದೆ. ಪಿನಿಯನ್ನಿಗೆ ಎಂಟು, ಕ್ರೌನಿಗೆ ನಲವತ್ತೊಂದು. ಆ ಥರದ ಕಾರಿನದರಲ್ಲಿ ಒಂಬತ್ತಕ್ಕೆ ಮೂವತ್ತೇಳು, ಹಿಂದೊಮ್ಮೆ ಬಿಚ್ಚಿದಾಗ ಎಣಿಸಿದ್ದೆ.

ನಮ್ಮವರನ್ನು ಕರೆದೆ. ಕರೆದದ್ದಕ್ಕೆ ಮೊದಲು ಸಿಡುಕಿದರು. ಬಾಕ್ಸಿಗೆ ಬಂದು ಅಚ್ಚು ನೋಡುತ್ತಿ ಅಂದರು.

"ಬಾಕ್ಸು ಬ್ಯಾಡ್ರಿ," ಅಂದೆ. "ಇದನ್ನ ಒಯ್ಯೋಣು. ಆಕಿಗೆ ಬೇಕಾಗಿದ್ದು ಶಕ್ತಿ ಅಲ್ಲ. ಕುರಿ ಹೋದಂಗ ಹೋಗೋ ಗಾಡಿ."

ಕುಕ್ಕುರುಗಾಲಲ್ಲಿ ಕೂತು ಕ್ರೌನಿನ ಹಲ್ಲು ತಾವೂ ಬೆರಳಿಟ್ಟು ಎಣಿಸಿದರು. ಆಮೇಲೆ ಅಲ್ಲೇ ಮಣ್ಣಿನಲ್ಲಿ ಕಡ್ಡಿಯಿಂದ ಲೆಕ್ಕ ಬರೆದರು. ಹಳೇದರಲ್ಲಿ ಶಾಫ್ಟು ನಾಲ್ಕು ಸುತ್ತಿಗೆ ಸ್ವಲ್ಪ ಮೇಲೆ ಸುತ್ತಿದರೆ ಚಕ್ರ ಒಂದು ಸುತ್ತು. ಇದರಲ್ಲಿ ಐದರ ಮೇಲೆ. ಅಂದರೆ ಫಸ್ಟ್ ಗೇರಿನಲ್ಲಿ ಕಾರು ಮೊದಲಿಗಿಂತ ನಿಧಾನ. ಅಷ್ಟೇ ಅಲ್ಲ, ಅದೇ ಹೊರೆ ಎಳೆಯಲು ಬಾಕ್ಸಿನ ಹಲ್ಲಿನ ಮೇಲೆ ಬೀಳುವ ತಿರುಚು ಐದರಲ್ಲಿ ಒಂದು ಪಾಲು ಕಡಿಮೆ. ಹೊರೆ ಹಗುರಾದರೆ ಮೆತ್ತನೆಯ ಕ್ಲಚ್ಚೇ ಸಾಕು. ಅರ್ಧ ಕ್ಲಚ್ ಬೇಡವಾದರೆ ಅದು ಸುಡುವುದೂ ಇಲ್ಲ. ಬಾಕ್ಸು ಬದಲಾಗದೆ ಅದರ ಭಾರ ಇಳಿಯುತ್ತದೆ. ಕಡ್ಡಿ ಬಿಸಾಕಿ, ಗುಜರಿಯವನಿಗೆ ಬಾಕ್ಸು ಇಲ್ಲೇ ಇರಲಿ ಅಂದರು. ದಾರಿಯಲ್ಲಿ ಬೈಕಿನ ಮೇಲೆ, ನನಗೂ ಅದೇ ಹೊಳೆದಿತ್ತು, ಹೇಳಬೇಕು ಅನ್ನುವಷ್ಟರಲ್ಲಿ ನೀನು ಕರೆದಿ ಅಂದರು. ಇರಬಹುದು.

ಉಳಿದದ್ದು ಕುರಿಗಾರನನ್ನು ಒಪ್ಪಿಸುವುದು. ಇದು ಕಷ್ಟವಾಯಿತು. ಇನ್ನು ಮೇಲೆ ರಸ್ತೆಯಲ್ಲಿ ಕಾರು ಮೊದಲಿನಷ್ಟು ಓಡುವುದಿಲ್ಲ, ಎಂಜಿನ್ ಬರೀ ಕೂಗುತ್ತದೆ, ಬಸ್ಸುಗಳೆಲ್ಲ ದಾಟಿ ಹೋಗುತ್ತವೆ ಅಂತ ನಮ್ಮವರು ಮುಚ್ಚಿಡದೆ ಹೇಳಿದರು. ಎಂಜಿನ್ನಿನ ಜೋರು ತಗ್ಗಲು ಡೀಸೆಲ್ ಪಂಪಿನ ಸ್ಕ್ರೂ ಕೂಡ ಸ್ವಲ್ಪ ಹಿಂದಕ್ಕೆ ತಿರುಗಿಸುತ್ತೇನೆ ಅಂದರು. ಅವನ ಮುಖ ಇಷ್ಟು ಚಿಕ್ಕದಾಯಿತು. ಇಷ್ಟು ದೊಡ್ಡ ಎಂಜಿನ್ ಹಾಕಿಸಿ ಎತ್ತಿನ ಬಂಡಿ ಮಾಡಿಸಿಕೊಳ್ಳಬೇಕಾ ಅಂದ. ಬಾಕ್ಸು ದೊಡ್ಡದಾದರೆ ಒಂದು ವಾರ ಕಾಯುತ್ತೇನೆ ಅಂದ.

ಹೆಂಡತಿ ಚಪ್ಪರದ ಕಂಬಕ್ಕೆ ಒರಗಿ ಎಡಗಾಲಿನ ಮೀನಖಂಡ ತಿಕ್ಕುತ್ತಿದ್ದಳು. ಬೆಳಿಗ್ಗೆ ಎರಡು ಮರಿ ಸತ್ತ ಸುದ್ದಿ ಫೋನಿನಲ್ಲಿ ಬಂದಿತ್ತು. ರಾತ್ರಿ ಬಿದ್ದ ಸಣ್ಣ ಹನಿಗೇ.

"ಲೇ, ನೀ ಜೋರು ಓಡಿಸಿ ಎಲ್ಲಿ ಹೊಕ್ಕಿ?" ಅಂದಳು. "ಮುಂದ ಹೋಗಿ ನಿಂತು ಕುರಿ ದಾರಿ ಕಾಯೋದಽ ಅಲ್ಲ? ಓಡಿಸಾಕಿ ನಾನು. ಮೆತ್ತಗಿರೂದನ್ನ ಹಾಕ್ರಿ ಅಣ್ಣಾ."

ಅಲ್ಲಿಗೆ ತೀರ್ಮಾನವಾಯಿತು. ಅವನು ಎದ್ದು ಹೋಗಿ ನಮಗೆಲ್ಲ ಚಹಾ ತಂದ. ಹೆಂಡತಿಗೆ ಮೊದಲು ಕೊಟ್ಟ.

ಕ್ರೌನು, ಪಿನಿಯನ್ನು ಕೂರಿಸುವುದು ಸೂಕ್ಷ್ಮದ ಕೆಲಸ. ಹಲ್ಲಿಗೆ ಹಲ್ಲು ತೀರಾ ಒತ್ತಿದರೆ ಕಾಯುತ್ತದೆ, ಸಡಿಲವಾದರೆ ಬಡಿಯುತ್ತದೆ. ಹಲ್ಲು ಎಲ್ಲಿ ತಾಗುತ್ತಿದೆ ಅಂತ ನೋಡಲು ಬಣ್ಣ ಹಚ್ಚಬೇಕು. ನಮ್ಮಲ್ಲಿದ್ದ ಬಣ್ಣದ ಟ್ಯೂಬು ಒಣಗಿ ಹೋಗಿತ್ತು. ಒಳಗಿನಿಂದ ಕುಂಕುಮ ತಂದು ಎಣ್ಣೆಯಲ್ಲಿ ಕಲಸಿ ಬ್ರಷ್ಷಿನಿಂದ ಹಚ್ಚಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಶುಕ್ರವಾರ ಒಳ್ಳೆಯದೇ ಆಯಿತು ಅಂದರು. ಚಕ್ರ ತಿರುಗಿಸಿದರೆ ಗುರುತು ಹಲ್ಲಿನ ತುದಿಯಲ್ಲಿ ಬಂತು. ಬಿಚ್ಚಿ ಪಿನಿಯನ್ನಿನ ಹಿಂದೆ ಒಂದು ತೆಳು ಬಿಲ್ಲೆ ಸೇರಿಸಿದೆವು. ಈಗ ಬುಡಕ್ಕೆ ಬಂತು. ಮತ್ತೆ ಬಿಚ್ಚಿ ಅದರ ಬದಲು ಇನ್ನೂ ತೆಳುವಾದದ್ದು ಹಾಕಿದೆವು. ಗುರುತು ಹಲ್ಲಿನ ನಡುವೆ, ಬೆರಳ ತುದಿಯಷ್ಟು ಅಗಲಕ್ಕೆ ಬಿತ್ತು. ನಮ್ಮವರು ಕಾಣದಿದ್ದರೂ ಬಗ್ಗಿ ನೋಡಿ, ಹ್ಞಾ, ಬಂತು ಅಂದರು. ಇನ್ನೊಂದು ಕ್ಲಸ್ಟರ್ ಗೇರು, ಮೆತ್ತನೆಯ ಪ್ಲೇಟು, ನಾವೇ ಸಾಣೆ ಹಿಡಿದ ಫ್ಲೈವೀಲು ಹಾಕಿ, ಪಂಪಿನ ಸ್ಕ್ರೂ ತಿರುಗಿಸಿ, ಐಡಲ್ಲು, ಅಂದರೆ ಆಕ್ಸಿಲರೇಟರ್ ಮುಟ್ಟದಿದ್ದಾಗ ಎಂಜಿನ್ ಸುತ್ತುವ ವೇಗ, ಎಂಜಿನ್ ನಿಲ್ಲದಷ್ಟಕ್ಕೆ ಇಳಿಸಿದರು.

ಮರುದಿನ ಬೆಳಿಗ್ಗೆ ಮಂದೆ ಮತ್ತೆ ಹೊರಟಿತು. ಕಣ್ಣಾರೆ ನೋಡದೆ ನಮಗೆ ಸಮಾಧಾನ ಇರಲಿಲ್ಲ. ನಮ್ಮವರು ಬೈಕಿನಲ್ಲಿ ಹಿಂದೆ, ನಾನು ಕಾರಿನಲ್ಲಿ, ಮತ್ತೆ ಅದೇ ಮರಿಗಳು ತೊಡೆಯ ಮೇಲೆ. ಆಕೆ ಫಸ್ಟ್ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟಳು. ಅಭ್ಯಾಸಕ್ಕೆ ಕಾಲು ಮತ್ತೆ ಅದರ ಮೇಲೆಯೇ ಹೋಯಿತು. ಕಾಲು ತೆಗಿ ಅಂದೆ. ತೆಗೆದು ಕೆಳಗಿಟ್ಟಳು. ಎರಡೂ ಕಾಲು ಸುಮ್ಮನೆ ಇಟ್ಟುಕೊಂಡು ಕೂತಳು. ಕಾರು ತನ್ನಷ್ಟಕ್ಕೆ ತಾನು ಗುಟುರು ಹಾಕುತ್ತ, ಸುತ್ತಲಿನ ಕುರಿಗಳ ಹೆಜ್ಜೆಗೆ ಹೆಜ್ಜೆ ಹಾಕಿ ಹೋಗುತ್ತಿತ್ತು. ಒಂದು ಕುರಿ ಬಂಪರಿಗೆ ಮೈ ತಿಕ್ಕುತ್ತ ನಡೆಯಿತು, ಕಾರು ಅದನ್ನು ದಾಟಲಿಲ್ಲ.

ಹಳ್ಳದಲ್ಲಿ ಇಳಿದು ಹತ್ತುವ ಜಾಗದಲ್ಲಿ ಮರಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ದಂಡೆ ಜಿಗಟು, ಮೇಲೆ ಗಟ್ಟಿ ಕಲ್ಲು. ಹಿಂದಿನ ಚಕ್ರ ಒಮ್ಮೆ ಜಾರಿ, ಸುತ್ತಿ, ಕಲ್ಲು ಹಿಡಿಯಿತು. ಕ್ಲಚ್ಚು ಸಣ್ಣಗೆ ಜಾರಿದ್ದು ನನ್ನ ಅಂಗಾಲಿಗೆ ಗೊತ್ತಾಯಿತು. ಹಲ್ಲಿನ ಸದ್ದು ಬರಲಿಲ್ಲ. ಕಾರು ಮೇಲೆ ಬಂತು. ಹಿಂದಿನಿಂದ ಬೈಕಿನ ಹಾರನ್ನು ಕೇಳಿಸಿತು, ನಮ್ಮವರದು. ಅವರು ಸುಮ್ಮಸುಮ್ಮನೆ ಹಾರನ್ ಹೊಡೆಯುವವರಲ್ಲ.

ಮಳೆ ಮಧ್ಯಾಹ್ನಕ್ಕೆ ಹಿಡಿಯಿತು. ಕುರಿಗಾರ ಕಂಬಳಿ ಹೊದ್ದು ಮಂದೆಯ ಮುಂದೆ ನಡೆದ. ನಡುನಡುವೆ ಕಾರಿನ ಹತ್ತಿರ ಬಂದು, ಹೆಂಡತಿಯ ಕಿಟಕಿಗೆ ಕೈಯಿಟ್ಟು ಜೊತೆಯಲ್ಲಿ ನಡೆಯುತ್ತಿದ್ದ. ಮೊದಲು ಹಾಗೆ ನಡೆಯಲು ಬರುತ್ತಿರಲಿಲ್ಲ ಅಂತ ಆಕೆ ಹೇಳಿದಳು, ಕಾರು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಕೊಟ್ಟೂರು ದಾಟಿ ಸಂಜೆಗೆ ಮಸಾರಿ ನೆಲ ಬಂತು. ಬಿದ್ದ ನೀರೆಲ್ಲ ಕುಡಿದುಕೊಂಡು ಕಾಲಿಗೆ ಅಂಟದ ಕೆಂಪು ನೆಲ. ಗೊತ್ತಿದ್ದ ರೈತರ ಹೊಲದಲ್ಲಿ ಬಲೆ ಕಟ್ಟಿದರು. ಕಾರಿನ ಬಾಗಿಲು ತೆರೆದು ಒಂದೊಂದೇ ಮರಿ ಇಳಿಸಿದೆವು. ಪ್ರತಿಯೊಂದು ತಾಯಿಯೂ ಬಂದು ಮೂಸಿ, ತನ್ನದನ್ನು ಹುಡುಕಿಕೊಂಡು ಹೋಯಿತು. ಕೊನೆಗೆ ತಾಯಿ ಸಿಗದ ಮರಿ ಒಂದೂ ಉಳಿಯಲಿಲ್ಲ.

ಆಕೆ ಒಲೆ ಹಚ್ಚಲು ಹೊರಟಳು. ಗಂಡ ಕೂರು ಅಂತ ಹೇಳಿ ತಾನೇ ಮೂರು ಕಲ್ಲು ಜೋಡಿಸಿದ. ಕುರಿ ಹಾಲಿನ ಗಟ್ಟಿ ಚಹಾ ಮಾಡಿದ, ಜೋಳದ ಮುದ್ದೆ ತಿರುವಿದ. ನಾನು ಬುತ್ತಿಯಲ್ಲಿ ತಂದಿದ್ದ ಪುಂಡಿಪಲ್ಯ, ಕೆಂಪು ಚಟ್ನಿ ಬಿಚ್ಚಿದೆ. ಎಲ್ಲರೂ ಕಾರಿನ ಮರೆಯಲ್ಲಿ ಕೂತು ಉಂಡೆವು. ನಮ್ಮವರು ಎರಡನೇ ಮುದ್ದೆ ಹಾಕಿಸಿಕೊಂಡು ಕಂಬಳಿ ಹಿಂಡುವ ಕಥೆ ಮತ್ತೆ ಶುರು ಮಾಡಿದರು. ಆಕೆಗೆ ಇನ್ನಷ್ಟು ಬಡಿಸೋಣ ಅಂತ ತಿರುಗಿದರೆ, ಡ್ರೈವರ್ ಸೀಟಿನಲ್ಲಿ ಒರಗಿ, ಬಾಗಿಲಿನಿಂದ ಎರಡೂ ಕಾಲು ಹೊರಗೆ ಚಾಚಿ, ಕೈ ತೊಳೆಯದೆಯೇ ನಿದ್ದೆ ಹೋಗಿದ್ದಳು. ದಿನಾ ಎಲ್ಲರೂ ಮಲಗಿದ ಮೇಲೆ ಮಲಗುವಾಕಿ ಅಂತ ಕುರಿಗಾರ ಮೆಲ್ಲಗೆ ಹೇಳಿ, ತನ್ನ ಕಂಬಳಿ ತಂದು ಆಕೆಯ ಕಾಲಿಗೆ ಹೊದಿಸಿದ.